ಕಲ್ಲು ಮುಟ್ಟಲು ಬಿಟ್ಟ ಊರು

"ಹತ್ತಿರ ಹೋಗೋಕೆ ಬಿಡಲ್ವೇನೇ?" ಇಂಗ್ಲೆಂಡಿನ ಪುರಾತನ ಕಲ್ಲುವೃತ್ತ ಸ್ಟೋನ್‌ಹೆಂಜ್‌ನಲ್ಲಿ ಅಮ್ಮ ಕೇಳಿದ ಮೊದಲ ಮಾತು ಇದು. ಬಿಡುವುದಿಲ್ಲ. ತಗ್ಗಾಗಿ ಕಟ್ಟಿದ ಹಗ್ಗದ ಈಚೆಯಿಂದಲೇ ಸುತ್ತು ಬರಬೇಕು. ಬೆಳಿಗ್ಗೆ ರೆಡಿಂಗ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟಾಗ ನಾನು ಇದನ್ನು ಹೇಳಿರಲಿಲ್ಲ.

ಆದರೂ ಅಮ್ಮ ಬೇಗ ಕದಲಲಿಲ್ಲ. ಎಲ್ಲಕ್ಕಿಂತ ಎತ್ತರದ ಕಲ್ಲಿನ ನೆತ್ತಿಯಲ್ಲಿ ಒಂದು ಉಬ್ಬು ಕಾಣುತ್ತದೆ. ಮೇಲಿನ ಅಡ್ಡಕಲ್ಲಿನ ಕುಳಿ ಅದರ ಮೇಲೆ ಕೂರುತ್ತಿತ್ತು. ಬಡಗಿ ಮರಕ್ಕೆ ಮಾಡುವ ಜೋಡಣೆಯನ್ನು 4,500 ವರ್ಷದ ಹಿಂದೆ ಕಲ್ಲಿಗೆ ಮಾಡಿದ್ದಾರೆ. ಒಳಗಿನ ಸಣ್ಣ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳವು. 200 ಕಿ.ಮೀ.ಗೂ ಜಾಸ್ತಿ ದೂರ, ಅದೂ ಗಾಡಿಚಕ್ರ ಇಲ್ಲದ ಕಾಲದಲ್ಲಿ!

ಅಲ್ಲಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ಹೋದರೆ ಏವ್‌ಬರಿ. ನನಗೆ ಸ್ಟೋನ್‌ಹೆಂಜ್‌ಗಿಂತ ಇದೇ ಇಷ್ಟ. ಜಗತ್ತಿನ ಅತಿ ದೊಡ್ಡ ಕಲ್ಲುವೃತ್ತ ಇದು. ಎಷ್ಟು ದೊಡ್ಡದೆಂದರೆ ಊರಿನ ಒಂದಷ್ಟು ಮನೆ, ಒಂದು ಪಬ್, ಕಾರು ಓಡುವ ರಸ್ತೆ, ಎಲ್ಲ ವೃತ್ತದ ಒಳಗೇ ಇವೆ. ಕಲ್ಲುಗಳ ನಡುವೆ ಕುರಿ ಮೇಯುತ್ತವೆ. ಹಗ್ಗ ಇಲ್ಲ, ಟಿಕೆಟ್ ಇಲ್ಲ. ಅಮ್ಮ ನೇರ ಹೋಗಿ ಎರಡೂ ಅಂಗೈ ಕಲ್ಲಿಗೆ ಒತ್ತಿದಳು. "ಬಿಸಿಲಿಗೆ ಬೆಚ್ಚಗಾಗಿದೆ ಕಣೇ" ಅಂದಳು.

ಈ ಕಲ್ಲುಗಳು ಪಟ್ಟ ಪಾಡೂ ಕಡಿಮೆಯಲ್ಲ. ಹಿಂದೊಮ್ಮೆ ಊರಿನವರೇ ಎಷ್ಟನ್ನೋ ಕೆಡವಿ ಹೂತರು. ಆಮೇಲಿನವರು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು, ಸುತ್ತಿಗೆಯಿಂದ ಒಡೆದು ಮನೆ ಕಟ್ಟಿಕೊಂಡರು. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬ ಸಿರಿವಂತ ಜಾಗವನ್ನು ಕೊಂಡು, ಹೂತ ಕಲ್ಲುಗಳನ್ನು ಅಗೆದು ಮತ್ತೆ ನಿಲ್ಲಿಸಿದ. ಮಾರ್ಮಲೇಡ್ (ಕಿತ್ತಳೆ ಸಿಪ್ಪೆಯ ಜಾಮ್) ಮಾಡಿ ಮಾರಿದ ಕುಟುಂಬದವನು. 1938ರಲ್ಲಿ ಒಂದು ಕಲ್ಲಿನಡಿ ಮನುಷ್ಯನ ಎಲುಬುಗಳು ಸಿಕ್ಕವು. ಜೊತೆಗೆ ಒಂದು ಕತ್ತರಿ, 14ನೇ ಶತಮಾನದ ಆರಂಭದ ನಾಣ್ಯಗಳು. ಕ್ಷೌರ ಮಾಡುತ್ತಾ, ಗಾಯಕ್ಕೂ ಮದ್ದು ಮಾಡುತ್ತಾ ಊರೂರು ತಿರುಗುತ್ತಿದ್ದವನು ಇರಬೇಕು ಎನ್ನುತ್ತಾರೆ. "ಅವನ ಮನೇಲಿ ಎಷ್ಟು ದಿನ ಕಾದ್ರೋ ಪಾಪ" ಅಂದಳು ಅಮ್ಮ. ನನಗೆ ಅದು ಹೊಳೆದೇ ಇರಲಿಲ್ಲ.

ಸಂಜೆ ವೆಸ್ಟ್ ಕೆನೆಟ್‌ಗೆ ಹೋದೆವು. ರಸ್ತೆಬದಿ ಕಾರು ನಿಲ್ಲಿಸಿ ಹೊಲದ ನಡುವೆ ಏರು ಹತ್ತಬೇಕು. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳಿಗಿಂತ ಸಾವಿರ ವರ್ಷ ಹಳೆಯ ಸಮಾಧಿ ಅದು. ಸುಮಾರು 100 ಮೀಟರ್ ಉದ್ದದ ಮಣ್ಣುದಿಬ್ಬ, ಒಂದು ತುದಿಯಲ್ಲಿ ಕಲ್ಲಿನ ಐದು ಕೋಣೆ. ಅಗೆದಾಗ ಮಕ್ಕಳೂ ದೊಡ್ಡವರೂ ಸೇರಿ ಕನಿಷ್ಠ 36 ಜನರ ಎಲುಬು ಸಿಕ್ಕಿದ್ದವು.

ಅಮ್ಮ ಬಾಗಿಲಲ್ಲೇ ನಿಂತು ಶೂ ಬಿಚ್ಚತೊಡಗಿದಳು. ನೆಲ ಒದ್ದೆ, ಚಳಿ ಬೇರೆ. ಬೇಡಮ್ಮ ಅಂದೆ. "ಹಿರಿಯರ ಜಾಗ ಅಲ್ವಾ" ಅಂದಳು.

ಒಳಗೆ ಕಲ್ಲಿನ ಸಂದಿಯಲ್ಲಿ ಯಾರೋ ಹೂವಿಟ್ಟು ಹೋಗಿದ್ದರು. ಮೊಬೈಲ್ ಬೆಳಕು ಆರಿಸಿದೆ. ಇಬ್ಬರೂ ಸುಮ್ನೆ ನಿಂತೆವು. ಹೊರಗೆ ಗಾಳಿ ಬೀಸುತ್ತಿತ್ತು, ಒಳಗೆ ಅಮ್ಮನ ಉಸಿರು ಕೇಳುತ್ತಿತ್ತು.