ಭಾನುವಾರ ಕಳೆದುಕೊಂಡ ದ್ವೀಪದಲ್ಲಿ: ಕಾರ್ಡಿನಲ್ ಕೂರೇ ಅವರ ಜಾಡು ಹಿಡಿದು ನೆಗೊಂಬೊದಿಂದ ಕೊಲಂಬೊಗೆ

ಶ್ರೀಲಂಕಾಕ್ಕೆ ಹೋಗುವ ನಮ್ಮ ಕಡೆಯವರು ಕಟುನಾಯಕದಲ್ಲಿ ವಿಮಾನ ಇಳಿದವರೇ ಕಾರು ಹತ್ತಿ ಕ್ಯಾಂಡಿಗೋ ನುವರ ಎಲಿಯಕ್ಕೋ ಓಡುತ್ತಾರೆ. ನಿಲ್ದಾಣದಿಂದ ಕೊಲಂಬೊ ಸುಮಾರು 30 ಕಿಲೋಮೀಟರ್, ನೆಗೊಂಬೊ 10. ಆ ನಾಡಿನ ಕಥೋಲಿಕರ ಚರಿತ್ರೆ ತಿಳಿಯುವ ಆಸೆಯಿದ್ದರೆ ಹತ್ತಿರದ ಊರಿನಿಂದಲೇ ಶುರುಮಾಡಿ, ರೈಲಿನಲ್ಲಿ ದಕ್ಷಿಣಕ್ಕೆ ಬರುತ್ತ ರಾಗಮದಲ್ಲಿ ಇಳಿದು, ಕೊನೆಗೆ ಕೊಲಂಬೊ ಸೇರುವುದು ಒಳ್ಳೆಯದು. ದ್ವೀಪದ ಮೊದಲ ಕಾರ್ಡಿನಲ್ (ಕಥೋಲಿಕರಲ್ಲಿ ಪೋಪರ ನಂತರದ ಪದವಿ) ಥಾಮಸ್ ಬೆಂಜಮಿನ್ ಕೂರೇ ಹುಟ್ಟಿದ್ದು ನೆಗೊಂಬೊದಲ್ಲಿ, 29 ವರ್ಷ ಮಹಾಧರ್ಮಾಧ್ಯಕ್ಷರಾಗಿದ್ದದ್ದು, ಅಂದರೆ ಆರ್ಚ್‌ಬಿಷಪ್ ಆಗಿದ್ದದ್ದು, ಕೊಲಂಬೊದಲ್ಲಿ. ಸಮಾಧಿ ಇರುವುದು ಎರಡರ ನಡುವೆ, ರಾಗಮದ ತೇವತ್ತೆಯಲ್ಲಿ.

ಹೊರಡುವ ಮೊದಲು ಒಂದು ಎಚ್ಚರಿಕೆ. ‘ಕೊಚ್ಚಿಕಡೆ’ ಎಂಬ ಹೆಸರಿನ ಜಾಗಗಳು ಎರಡಿವೆ. 2019ರ ಈಸ್ಟರ್ ದಿನ ಬಾಂಬ್ ಸಿಡಿದ ಸಂತ ಅಂತೋನಿಯವರ ಪುಣ್ಯಕ್ಷೇತ್ರ ಇರುವುದು ಕೊಲಂಬೊ ಬಂದರಿನ ಪಕ್ಕದ ಕೊಚ್ಚಿಕಡೆಯಲ್ಲಿ, ಅಂದರೆ ಕೊಲಂಬೊ 13ರಲ್ಲಿ. ಇನ್ನೊಂದು ಕೊಚ್ಚಿಕಡೆ ನೆಗೊಂಬೊದ ಉತ್ತರಕ್ಕೆ, ಮಹಾ ಓಯ ನದಿಯ ಬಳಿಯ ಪೇಟೆ. ಅದಕ್ಕೆ ಅದೇ ಹೆಸರಿನ ರೈಲು ನಿಲ್ದಾಣವೂ ಇದೆ. ನೆಗೊಂಬೊದಲ್ಲಿ ನಿಂತು ತ್ರೀವೀಲರಿನವನಿಗೆ ಬರೀ “ಕೊಚ್ಚಿಕಡೆ” ಎಂದರೆ ಆತ ನಿಶ್ಚಿಂತೆಯಿಂದ ಉತ್ತರಕ್ಕೆ ತಿರುಗಿಸುತ್ತಾನೆ. ಅವನ ತಪ್ಪಲ್ಲ, ಆದರೆ ಬಾಡಿಗೆ ಮಾತ್ರ ಪೂರ್ತಿ ಕೊಡಬೇಕು. ಮೊಬೈಲ್ ನಕ್ಷೆಯೂ ಹತ್ತಿರದ್ದನ್ನೇ ಮೊದಲು ತೋರಿಸಬಹುದು. “ಕೊಲಂಬೊ, ಸೇಂಟ್ ಆಂಟನೀಸ್” ಎಂದು ಬಿಡಿಸಿ ಹೇಳಬೇಕು.

ನೆಗೊಂಬೊ ಕಡಲತೀರದ ಹೋಟೆಲ್ ಸಾಲಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮೀನು ಒಣಹಾಕುವ ಕಡೆ ನಡೆದರೆ ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ವಾಸನೆಯಿಂದಲೇ ಜಾಗದ ಗುರುತು ಹತ್ತುತ್ತದೆ. ಗಂಗೊಳ್ಳಿಯನ್ನು ಇಲ್ಲಿ ಸುಮ್ಮನೆ ಎಳೆದು ತಂದದ್ದಲ್ಲ. ಡಚ್ಚರು ಕಥೋಲಿಕ ಗುರುಗಳನ್ನು ದ್ವೀಪದೊಳಗೆ ಬಿಡದಿದ್ದ ಕಾಲದಲ್ಲಿ, 1687ರಲ್ಲಿ ವೇಷ ಮರೆಸಿ ಜಾಫ್ನಾಕ್ಕೆ ಬಂದಿಳಿದ ಗೋವೆಯ ಜೋಸೆಫ್ ವಾಜ್, ಅದಕ್ಕೂ ಮುಂಚೆ 1681ರಿಂದ 84ರವರೆಗೆ ನಮ್ಮ ಕೆನರಾ ಕರಾವಳಿಯಲ್ಲೇ ಸೇವೆ ಮಾಡಿದ್ದವರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದ್ದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ.

ನೆಗೊಂಬೊದ ಪೆರಿಯಮುಲ್ಲದಲ್ಲಿ 1901ರ ಡಿಸೆಂಬರ್ 28ರಂದು ಕೂರೇ ಹುಟ್ಟಿದರು. ನಿರ್ಮಲ ಮರಿಯಮ್ಮನವರ ಒಬ್ಲೇಟ್ ಎಂಬ ಸನ್ಯಾಸಿ ಸಭೆ ಸೇರಿ, ರೋಮಿನಲ್ಲಿ ಓದಿ, 1929ರಲ್ಲಿ ಗುರುದೀಕ್ಷೆ ಪಡೆದರು. 1946ರ ಮಾರ್ಚಿನಲ್ಲಿ ಧರ್ಮಾಧ್ಯಕ್ಷರಾದರು. ಮರುವರ್ಷ ಫ್ರಾನ್ಸಿನ ಮಹಾಧರ್ಮಾಧ್ಯಕ್ಷ ಮಾಸ್ಸೊನ್ ತೀರಿಕೊಂಡಾಗ, ಕೊಲಂಬೊದ ಪೀಠಕ್ಕೆ ಬಂದ ಮೊದಲ ಸಿಂಹಳೀಯರು ಇವರೇ. ಇನ್ನು ಏಳು ತಿಂಗಳೊಳಗೆ, 1948ರ ಫೆಬ್ರವರಿ 4ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಬಿಳಿಯರ ಧರ್ಮ ಎಂಬ ಗುಮಾನಿ ಎಲ್ಲೆಡೆ ಹರಿದಾಡುತ್ತಿದ್ದ ಹೊತ್ತಿನಲ್ಲಿ ಆ ಕುರ್ಚಿ ಊರಿನವರಿಗೆ ಸಿಕ್ಕಿತ್ತು. ಸುಖದ ಕುರ್ಚಿಯೇನೂ ಅಲ್ಲ.

ನೆಗೊಂಬೊದಿಂದ ರಾಗಮಕ್ಕೆ ಪುತ್ತಲಂ ಮಾರ್ಗದ ರೈಲು. ಒಂದು ಗಂಟೆ ಹಿಡಿದುಕೊಳ್ಳಿ. ಬೆಳಗಿನ ಗಾಡಿಗಳೆಲ್ಲ ಕೊಲಂಬೊದ ಕಚೇರಿಗೆ ಹೋಗುವವರವು, ಬಾಗಿಲಲ್ಲೂ ಜನ ಜೋತುಬಿದ್ದಿರುತ್ತಾರೆ. ನಡುಹಗಲಲ್ಲಿ ಗಾಡಿಗಳೇ ವಿರಳ. ಆ ಗುಂಪು ಇಳಿದ ಮೇಲಿನ ಮೊದಲ ಗಾಡಿ ಅನುಕೂಲ. ಟಿಕೆಟ್ ಬಿಸಾಡಬಾರದು, ಇಳಿದ ನಿಲ್ದಾಣದ ಗೇಟಿನಲ್ಲಿ ಅದನ್ನು ಇಸಿದುಕೊಳ್ಳುತ್ತಾರೆ. ಪುತ್ತಲಂ ಕವಲು ಮುಖ್ಯ ಮಾರ್ಗವನ್ನು ಸೇರುವ ಜಂಕ್ಷನ್ ರಾಗಮವೇ. ಮುಂದೆ ಕೊಲಂಬೊಗೆ ಹೋಗುವಾಗ ಎರಡೂ ಮಾರ್ಗದ ಗಾಡಿ ಸಿಗುವುದರಿಂದ ಕಾಯುವುದು ಕಡಿಮೆ. ಕಾಯಲೇಬೇಕಾದರೆ ಮಾಲು ಪಾನ್ ತಿನ್ನಿ: ಮೀನು, ಆಲೂಗಡ್ಡೆಯ ಖಾರದ ಪಲ್ಯ ತುಂಬಿದ ಮೂರು ಮೂಲೆಯ ಬನ್ನು. ಬಿಸಿಯಿದ್ದರೆ ಮಾತ್ರ.

ತೇವತ್ತೆಗೆ ನಿಲ್ದಾಣದಿಂದ ತ್ರೀವೀಲರಿನಲ್ಲಿ ಹೆಚ್ಚು ಹೊತ್ತು ಬೇಡ. ಫ್ರಾನ್ಸಿನ ಲೂರ್ದಿನಲ್ಲಿರುವ ಮರಿಯಮ್ಮನವರ ಗವಿಯ ಮಾದರಿಯದೊಂದು ಗವಿ ಅಲ್ಲಿ ಮೊದಲಿನಿಂದಲೂ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಸ್ಸೊನ್ ಅವರು, ಯುದ್ಧದ ಹಾನಿಯಿಂದ ದ್ವೀಪ ಉಳಿದರೆ ಮರಿಯಮ್ಮನವರಿಗೆ ದೊಡ್ಡ ದೇವಾಲಯ ಕಟ್ಟಿಸುತ್ತೇನೆಂದು ಹರಕೆ ಹೊತ್ತರು. ಜಪಾನಿನ ವಿಮಾನಗಳು ಕೊಲಂಬೊ ಮೇಲೆ ಬಾಂಬ್ ಹಾಕಿದ್ದು 1942ರ ಏಪ್ರಿಲ್ 5ರಂದು. ಅದೂ ಈಸ್ಟರ್ ಭಾನುವಾರವೇ. ಹರಕೆ ಹೊತ್ತವರು ತೀರಿಕೊಂಡರು, ತೀರಿಸುವ ಹೊಣೆ ಕೂರೇ ಅವರ ಹೆಗಲಿಗೆ ಬಂತು. ಹರಕೆಯ ಆ ದೇವಾಲಯ, ಅಂದರೆ ಲಂಕಾಮಾತೆಯ ಬೆಸಿಲಿಕಾ, ಪ್ರತಿಷ್ಠೆಯಾದದ್ದು 1974ರ ಫೆಬ್ರವರಿಯಲ್ಲಿ. ಬೃಹತ್ ಕಟ್ಟಡ, ಹಬ್ಬದ ಜನ ಸೇರದ ದಿನ ಬಿಕೋ ಎನ್ನುತ್ತದೆ. ನಮ್ಮ ರುಚಿಗೆ ಕೇಳಿದರೆ ಗವಿಯ ಮುಂದಿನ ಬೆಂಚೇ ಮೇಲು, ಅಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ.

ಅಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರು ನೆಗೊಂಬೊ ಕಡೆಯವರು, ಸಿಂಹಳದಷ್ಟೇ ಸಲೀಸಾಗಿ ತಮಿಳು ಬರುತ್ತಿತ್ತು. ಕಾರ್ಡಿನಲ್ಲರ ಕಾಲ ಹೇಗಿತ್ತು ಎಂದು ಕೇಳಿದರೆ ಶಾಲೆಗಳ ಗಲಾಟೆ ಹೇಳುತ್ತಾರೆ ಎಂದುಕೊಂಡರೆ, ಅವರು ಹಿಡಿದದ್ದು ಕ್ಯಾಲೆಂಡರಿನ ವಿಷಯ.

“ನಮಗೆ ಆಗ ಭಾನುವಾರವೇ ಇರಲಿಲ್ಲ, ತಂಬಿ.”

“ಭಾನುವಾರ ಇರಲಿಲ್ಲ ಅಂದರೆ ಹೇಗೆ, ಅಂಕಲ್?”

“ಇತ್ತು, ರಜೆ ಇರಲಿಲ್ಲ. ಸ್ಕೂಲಿಗೆ ಹೋಗುತ್ತಿದ್ದೆವು, ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು. ರಜೆ ಯಾವತ್ತು ಅಂತ ಗೋಡೆ ನೋಡಿಯೇ ಹೇಳಬೇಕಿತ್ತು.”

ಅವರ ಮಾತು ಅಕ್ಷರಶಃ ನಿಜ. 1966ರಿಂದ 1971ರವರೆಗೆ ಶ್ರೀಲಂಕಾದಲ್ಲಿ ವಾರದ ರಜೆ ಭಾನುವಾರವಾಗಿರಲಿಲ್ಲ. ಬೌದ್ಧರಿಗೆ ಪವಿತ್ರವಾದ ಪೋಯ ದಿನಗಳೇ ರಜೆ: ಹುಣ್ಣಿಮೆ, ಅಮಾವಾಸ್ಯೆ, ನಡುವಿನ ಎರಡು ಅಷ್ಟಮಿಗಳು. ಪೋಯದ ದಿನ ಪೂರ್ತಿ ರಜೆ, ಹಿಂದಿನ ದಿನ ಅರ್ಧ. ಪಂಚಾಂಗ ನೋಡುವ ನಮ್ಮವರಿಗೆ ತೊಡಕು ಥಟ್ಟನೆ ಗೊತ್ತಾಗುತ್ತದೆ. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಅದನ್ನು ನಾಲ್ಕು ಪಾಲು ಮಾಡಿದರೆ ಪಾಲಿಗೆ ಏಳು ದಿನಕ್ಕಿಂತ ತುಸು ಹೆಚ್ಚು. ಹಾಗಾಗಿ ಒಂದು ಪೋಯದಿಂದ ಇನ್ನೊಂದಕ್ಕೆ ಒಮ್ಮೆ ಏಳು ದಿನ, ಒಮ್ಮೆ ಎಂಟು. ಈ ಹುಣ್ಣಿಮೆ ಭಾನುವಾರ ಬಿದ್ದರೆ ಮುಂದಿನದು ಸೋಮವಾರ ಅಥವಾ ಮಂಗಳವಾರ. ರಜೆ ವಾರದುದ್ದಕ್ಕೂ ಜಾರುತ್ತ ಹೋಗುತ್ತದೆ. ಹೊರದೇಶದ ಬ್ಯಾಂಕು, ಹಡಗು, ವ್ಯಾಪಾರಗಳ ಜೊತೆ ತಾಳೆಯಾಗದೆ ಐದೇ ವರ್ಷಕ್ಕೆ ಅದನ್ನು ಕೈಬಿಟ್ಟರು.

ಆದರೆ ಆ ವರ್ಷಗಳಲ್ಲಿ ಒಬ್ಬ ಧರ್ಮಾಧ್ಯಕ್ಷ ಏನು ಮಾಡಬೇಕು? ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಭಾಗವಹಿಸುವುದು ಕಥೋಲಿಕರಿಗೆ ಕಡ್ಡಾಯ. ಕೆಲಸದ ಭಾನುವಾರವೇ ಪೂಜೆ ಇಡಬೇಕೆಂದರೆ ದಾರಿ ಎರಡು: ಕೆಲಸಕ್ಕೆ ಹೋಗುವ ಮೊದಲು ನಸುಕಿನ ಪೂಜೆ, ಬಂದ ಮೇಲೆ ಸಂಜೆಯ ಪೂಜೆ. ಹಿಂದಾಗಿದ್ದರೆ ಸಂಜೆಯ ಪೂಜೆ ಕೈಗೂಡುತ್ತಿರಲಿಲ್ಲ. ಪೂಜೆಯಲ್ಲಿ ಕೊಡುವ ಪರಮ ಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ಉಪವಾಸವಿರಬೇಕಿತ್ತು. ದಿನವಿಡೀ ದುಡಿದವರು ಸಂಜೆಯವರೆಗೆ ಬರಿಹೊಟ್ಟೆಯಲ್ಲಿ ಇರುವುದು ಹೇಗೆ? 1957ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅದನ್ನು ಮೂರು ಗಂಟೆಗೆ ಇಳಿಸಿದ್ದರು, 1964ರ ನವೆಂಬರಿನಲ್ಲಿ ಆರನೇ ಪೌಲ್ ಒಂದು ಗಂಟೆಗೆ ತಂದರು. ಭಾನುವಾರದ ರಜೆ ಹೋದದ್ದು ಅದರ ಬೆನ್ನಿಗೇ. ರೋಮಿನ ಸಡಿಲಿಕೆ ಕೊಲಂಬೊದ ಗುಮಾಸ್ತನಿಗೆ ಸರಿಯಾದ ಹೊತ್ತಿಗೆ ಒದಗಿತು.

ಹಿರಿಯರನ್ನು ಕೇಳಿದೆವು: ಜನ ಸಿಟ್ಟಾಗಲಿಲ್ಲವೇ?

“ಆಗದೆ ಏನು? ಆದರೆ ಶಾಲೆ ಹೋದಾಗಿನಷ್ಟು ಅಲ್ಲ. ಅಷ್ಟರಲ್ಲಿ ಪೆಟ್ಟು ತಿಂದು ಕಲಿತಿದ್ದೆವು” ಎಂದರು.

ಶಾಲೆಯ ಪ್ರಕರಣ ನಮಗೆ ಅರ್ಥವಾಗುವಂಥದೇ, ಏಕೆಂದರೆ ಅವು ನಮ್ಮಲ್ಲಿನ ಅನುದಾನಿತ ಶಾಲೆಗಳಂತೆಯೇ ಇದ್ದವು: ಆಡಳಿತ ಚರ್ಚಿನದು, ಸಂಬಳ ಸರ್ಕಾರದ್ದು. ಸಂಖ್ಯೆಯಲ್ಲಿ ಸಣ್ಣವರಾದ ಕ್ರೈಸ್ತರ ಕೈಯಲ್ಲಿ ಒಳ್ಳೆಯ ಶಾಲೆಗಳು ಅಷ್ಟೊಂದಿವೆ ಎಂಬ ಬೌದ್ಧರ ದೂರಿನಲ್ಲಿ ಹುರುಳಿತ್ತು. 1960ರಲ್ಲಿ ಸಿರಿಮಾವೋ ಬಂಡಾರನಾಯಿಕೆ ಅವರ ಸರ್ಕಾರ ಕಾಯಿದೆ ತಂದು ಈ ಶಾಲೆಗಳ ಆಡಳಿತ ವಹಿಸಿಕೊಂಡಿತು. ಉನ್ನತ ದರ್ಜೆಯ ಶಾಲೆಗಳಿಗೆ ಖಾಸಗಿಯಾಗಿ ಉಳಿಯುವ ಅವಕಾಶವಿತ್ತು, ಆದರೆ ಅನುದಾನವೂ ಇಲ್ಲ, ಶುಲ್ಕ ಪಡೆಯುವಂತೆಯೂ ಇಲ್ಲ. ತಂದೆತಾಯಂದಿರು ಶಾಲೆಗಳಿಗೆ ನುಗ್ಗಿ ಅಲ್ಲೇ ಠಿಕಾಣಿ ಹೂಡಿದರು. ಆಗ ಮಾತುಕತೆಗೆ ಬಂದವರು ಮುಂಬಯಿಯ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್. ಮಂಗಳೂರಿನ ಸಂತ ಜೋಸೆಫರ ಸೆಮಿನರಿಯಲ್ಲೂ ಆಮೇಲೆ ಕ್ಯಾಂಡಿಯ ಪೇಪಲ್ ಸೆಮಿನರಿಯಲ್ಲೂ ಓದಿದ್ದ ಅವರಿಗೆ ದ್ವೀಪ ಹೊಸದಲ್ಲ. 1961ರಲ್ಲಿ ಜನ ಶಾಲೆಗಳನ್ನು ಬಿಟ್ಟು ಹೊರಬಂದರು. ಅದೇ ವರ್ಷದ ಇನ್ನೊಂದು ಕಾಯಿದೆಯಿಂದ ಆಸ್ತಿಯೂ ಸರ್ಕಾರಕ್ಕೆ ಹೋಯಿತು.

ಕೂರೇ ಸೋತರು ಎಂದು ಆಗಲೂ ಅಂದವರುಂಟು, ಈಗಲೂ ಅನ್ನುತ್ತಾರೆ. ಶಾಲೆಯ ಲೆಕ್ಕದಲ್ಲಿ ಅದು ಸೋಲೇ. ಆದರೆ ಹಟ ಹಿಡಿದಿದ್ದರೆ ಶಾಲೆಯ ಅಂಗಳದಲ್ಲಿ ಪೊಲೀಸರೆದುರು ನಿಲ್ಲುತ್ತಿದ್ದವರು ತಾಯಂದಿರು ಮತ್ತು ಮಕ್ಕಳು. ಬಿಟ್ಟುಕೊಟ್ಟದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಧರ್ಮೋಪದೇಶದ ಭಾರ ಶಾಲೆಯಿಂದ ಚರ್ಚಿನ ಅಂಗಳಕ್ಕೆ ಸರಿಯಿತು. ಇವತ್ತಿಗೂ ಭಾನುವಾರ ಬೆಳಿಗ್ಗೆ ನೆಗೊಂಬೊ ಬೀದಿಗಳಲ್ಲಿ ಬಿಳಿ ಬಟ್ಟೆಯ ಮಕ್ಕಳ ಸಾಲು ಕಾಣುವುದು ಆ ದಹಂ ಪಾಸಲಿನದು, ಅಂದರೆ ಧರ್ಮಶಾಲೆಯದು.

1965ರ ಫೆಬ್ರವರಿ 22ರಂದು ಕಾರ್ಡಿನಲ್ ಪದವಿ, 1970ರ ಡಿಸೆಂಬರ್ 4ರಂದು ಆರನೇ ಪೌಲ್ ಕೊಲಂಬೊಗೆ ಬಂದಾಗ ಸ್ವಾಗತ, 1976ರಲ್ಲಿ ನಿವೃತ್ತಿ, 1988ರ ಅಕ್ಟೋಬರ್ 29ರಂದು ಮರಣ. 2010ರಲ್ಲಿ ಅವರನ್ನು ‘ದೇವರ ಸೇವಕ’ ಎಂದು ಕರೆದು ಸಂತ ಪದವಿಯ ವಿಚಾರಣೆ ತೆರೆದರು. ಸಮಾಧಿ ಬೆಸಿಲಿಕಾದೊಳಗೇ ಇದೆ. ಫೆಬ್ರವರಿ 4 ಸ್ವಾತಂತ್ರ್ಯ ದಿನವೂ ಹೌದು, ಲಂಕಾಮಾತೆಯ ಹಬ್ಬವೂ ಹೌದು. ಆ ದಿನ ಪ್ರಾರ್ಥಿಸಲು ಬರಬಹುದು, ಸಾವಕಾಶವಾಗಿ ನೋಡಲು ಆಗದು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ರಾಗಮದಿಂದ ಮರದಾನ, ಅಲ್ಲಿಂದ ಕೊಟಹೇನಕ್ಕೆ ತ್ರೀವೀಲರ್. ದೊಡ್ಡ ಗುಮ್ಮಟದ ಸಂತ ಲೂಸಿಯ ಕಥೀಡ್ರಲ್ ಮಹಾಧರ್ಮಾಧ್ಯಕ್ಷರ ಪೀಠ. ಪಕ್ಕದ ಸೇಂಟ್ ಬೆನೆಡಿಕ್ಟ್ಸ್ ಕಾಲೇಜು 1960ರಲ್ಲಿ ಸರ್ಕಾರಕ್ಕೆ ಸೇರದೆ ಉಳಿದ ಶಾಲೆಗಳಲ್ಲಿ ಒಂದು. ಕೊಚ್ಚಿಕಡೆಯ ಸಂತ ಅಂತೋನಿಯವರ ಕ್ಷೇತ್ರಕ್ಕೆ ಇಲ್ಲಿಂದ ನಡೆದೇ ಹೋಗಬಹುದು. ಮಂಗಳವಾರ ಅಲ್ಲಿ ವಿಪರೀತ ನೂಕು. ಹಿಂದೂಗಳು, ಬೌದ್ಧರು ಎಲ್ಲರೂ ಹರಕೆ ಹೊತ್ತು ಬರುತ್ತಾರೆ. ಆ ನಂಬಿಕೆಯನ್ನು ಕಾಣಬೇಕೆಂದರೆ ಮಂಗಳವಾರವೇ ಹೋಗಿ, ಕಟ್ಟಡ ಕಾಣಬೇಕೆಂದರೆ ಬೇರೆ ದಿನ. 2019ರ ನಂತರ ಚೀಲ ತಪಾಸಣೆ ಬಿಗಿ. ಪ್ರಯಾಣದ ದೊಡ್ಡ ಬ್ಯಾಗ್ ಹೊತ್ತು ಹೋಗಬೇಡಿ, ಅದನ್ನು ಬಿಚ್ಚಿ ತೋರಿಸುವುದರಲ್ಲೇ ಪೂಜೆಯ ಹೊತ್ತು ಮೀರುತ್ತದೆ.

2019ರ ಏಪ್ರಿಲ್ 21ರ ದಾಳಿಯಲ್ಲಿ ಇಲ್ಲಿ, ನೆಗೊಂಬೊದ ಕಟುವಾಪಿಟಿಯ ಚರ್ಚಿನಲ್ಲಿ, ಬಟ್ಟಿಕಲೋವದಲ್ಲಿ, ಕೊಲಂಬೊದ ಹೋಟೆಲುಗಳಲ್ಲಿ ಸತ್ತವರು 260ಕ್ಕೂ ಹೆಚ್ಚು. ದ್ವೀಪದ ಈಗಿನ ಕಾರ್ಡಿನಲ್ ಮಾಲ್ಕಮ್ ರಂಜಿತ್ ಆಗ ಭಾನುವಾರದ ಪೂಜೆಗಳನ್ನೇ ನಿಲ್ಲಿಸಬೇಕಾಯಿತು. ಏಪ್ರಿಲ್ 28ರಂದು ಅವರು ತಮ್ಮ ನಿವಾಸದ ಪ್ರಾರ್ಥನಾ ಮಂದಿರದಿಂದ ಅರ್ಪಿಸಿದ ಬಲಿಪೂಜೆಯನ್ನು ಜನ ಟೀವಿಯಲ್ಲಿ ನೋಡಿದರು. ಚರ್ಚುಗಳಲ್ಲಿ ಭಾನುವಾರದ ಪೂಜೆ ಮರಳಿದ್ದು ಮೇ 12ರಂದು. ಕ್ರೈಸ್ತರು ಸೇಡಿಗೆ ಇಳಿಯಬಾರದೆಂದು ಕೇಳಿಕೊಂಡವರೂ ಅವರೇ, ಸರ್ಕಾರಗಳು ಬದಲಾದರೂ ತನಿಖೆ ಎಲ್ಲಿಗೆ ಬಂತು ಎಂದು ಬಿಡದೆ ಕೇಳುತ್ತಿರುವವರೂ ಅವರೇ. ಮುನ್ಸೂಚನೆ ಇದ್ದರೂ ದಾಳಿ ತಡೆಯಲಿಲ್ಲವೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರಿಗೆ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕಟ್ಟುವಂತೆ ಆದೇಶಿಸಿತು. ಹಿಂದೆ ಯಾರಿದ್ದರು ಎಂಬ ಪ್ರಶ್ನೆಯನ್ನು ಕಾರ್ಡಿನಲ್ ಅದಾದ ಮೇಲೂ ಕೈಬಿಟ್ಟಿಲ್ಲ.