ಇಪ್ಪತ್ತಕ್ಕ ಯಾಕ ನಿಲ್ಲಸ್ತಿ?

"ಅಚ್ಚು ಕೈಯಾಗ ಐತಿ, ಮಷಿ ಐತಿ, ಕಾಗದ ಐತಿ. ಇಪ್ಪತ್ತಕ್ಕ ಯಾಕ ನಿಲ್ಲಸ್ತಿ ಯವ್ವಾ? ಇನ್ನೂ ನೂರು ತಗಿ."

ವಿಡಿಯೋ ಕಾಲಿನಲ್ಲಿ ಅಪ್ಪನ ಪ್ರಶ್ನೆ. ಅವರ ಲೆಕ್ಕದಲ್ಲಿ ತಪ್ಪೇನಿಲ್ಲ. ಗದಗಿನಲ್ಲಿ ಮೂವತ್ತು ವರ್ಷ ಟ್ರೆಡಲ್ ಮಷೀನು ತುಳಿದವರು. ಮದುವೆ ಕಾರ್ಡು ಐನೂರಕ್ಕೆ ಒಂದು ರೇಟು, ಸಾವಿರಕ್ಕೆ ಇನ್ನೊಂದು. ಹೆಚ್ಚು ಹೊಡೆದಷ್ಟೂ ಅಗ್ಗ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಾನು ಕಲಿತದ್ದು ಇದರ ತಲೆಕೆಳಗು. ಲಿನೋ ಎಂಬ ಮೆತ್ತನೆಯ ಹಾಳೆಯಲ್ಲಿ ಚಿತ್ರ ಕೊರೆದು, ಇಪ್ಪತ್ತು ಪ್ರತಿ ತೆಗೆದು, ಅಂಚಿನಲ್ಲಿ ಪೆನ್ಸಿಲ್ಲಿನಿಂದ 1/20, 2/20 ಎಂದು ಬರೆದು ಸಹಿ ಹಾಕಿದೆನೆಂದರೆ ಇಪ್ಪತ್ತೊಂದನೆಯದನ್ನು ತೆಗೆಯುವ ಹಾಗಿಲ್ಲ. ಕಡಿಮೆ ಇದ್ದಷ್ಟೂ ಬೆಲೆ. ಕೆಲವರು ಕೊನೆಗೆ ಅಚ್ಚಿನ ಮೇಲೆ ಅಡ್ಡಗೀಟು ಕೊರೆದು ಕೆಡಿಸಿಯೇ ಬಿಡುತ್ತಾರೆ. ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಚ್ಚಿನ ಮೊಳೆ ಜೋಡಿಸಿ ಬದುಕಿದವರಿಗೆ ಅದು ಬಿತ್ತನೆ ಬೀಜ ಹುರಿದು ತಿಂದ ಹಾಗೆ.

ಓದುವಾಗ ಕಾಲೇಜಿನ ಪ್ರೆಸ್ಸು ಕೈಗೆ ಸಿಗುತ್ತಿತ್ತು, ತೆಗೆದ ಪ್ರಿಂಟು ಮಾರುವ ಹಾಗಿರಲಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ದಂಧೆ ಮಾಡುವಂತಿಲ್ಲ. ಸಂತೆಯಲ್ಲಿ ಅಂಗಡಿ ಹಾಕಿ ಕಾರ್ಡು ಮಾರಿದರೂ ತಪ್ಪೇ. ಓದು ಮುಗಿದು, ಇಲ್ಲೇ ಉಳಿದು ದುಡಿಯಲು ಬಿಡುವ ಗ್ರಾಜುಯೇಟ್ ವೀಸಾ ಬಂತು, ಎರಡು ವರ್ಷಕ್ಕೆ. ಈಗ ಮಾರಬಹುದು, ಆದರೆ ಪ್ರೆಸ್ಸಿಲ್ಲ! ಹಿಟ್ಟು ಇದ್ದಾಗ ಹಂಚಿಲ್ಲ, ಹಂಚು ಇದ್ದಾಗ ಹಿಟ್ಟಿಲ್ಲ.

ದಾರಿ ತೋರಿಸಿದ್ದು ಎಡಿನ್‌ಬರೋ ಪ್ರಿಂಟ್‌ಮೇಕರ್ಸ್. 1967ರಲ್ಲಿ ಶುರುವಾದ ಈ ಸ್ಟುಡಿಯೋದಲ್ಲಿ ದುಡ್ಡು ಕಟ್ಟಿ ಯಾರು ಬೇಕಾದರೂ ಪ್ರೆಸ್ಸು ಬಳಸಬಹುದು. 2019ರಿಂದ ಅದು ಕ್ಯಾಸಲ್ ಮಿಲ್ಸ್ ಎಂಬ ಹಳೆಯ ರಬ್ಬರ್ ಕಾರ್ಖಾನೆಯ ಕಟ್ಟಡದಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಸೈನಿಕರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜೊತೆ ಬೂಟು ಮಾಡಿಕೊಟ್ಟ ಕಂಪನಿಯದು. ಗಿರಾಕಿಗಳು ಅಪ್ಪನ ಮಷೀನಿಗೆ ದುಡ್ಡು ಕೊಡುತ್ತಿದ್ದರು. ಮಗಳು ಮಷೀನಿಗೇ ದುಡ್ಡು ಕೊಡುತ್ತಾಳೆ.

ಅಲ್ಲಿ ಮೊದಲ ದಿನ ಲಿನೋ ಬಿಸಿ ಮಾಡಿದಾಗ (ತಣ್ಣಗಿದ್ದರೆ ಉಳಿ ಓಡುವುದಿಲ್ಲ) ಮೂಗಿಗೆ ಏನೋ ಪರಿಚಿತ ಬಡಿಯಿತು. ಲಿನೋಲಿಯಂ ಅಂದರೆ ಬೇರೇನಲ್ಲ, ಸೆಣಬಿನ ಬಟ್ಟೆಯ ಮೇಲೆ ಕಾರ್ಕಿನ ಪುಡಿ ಮತ್ತು ಅಗಸೆ ಎಣ್ಣೆ. ಲೋಹದ ತಗಡಿನಿಂದ ಚಿತ್ರ ತೆಗೆಯುವ ಎಚಿಂಗ್ ಮಷಿಯಲ್ಲೂ ಅದೇ ಎಣ್ಣೆ. ಫೋರ್ತ್ ಕೊಲ್ಲಿಯ ಆಚೆ ದಡದ ಕರ್ಕಾಡಿ ಊರು ಒಂದು ಕಾಲಕ್ಕೆ ಈ ಲಿನೋಲಿಯಂನಿಂದಲೇ ಬದುಕಿತ್ತು, ಊರಿಗೆ ಊರೇ ಆ ಎಣ್ಣೆಯ ವಾಸನೆ ಹೊಡೆಯುತ್ತಿತ್ತಂತೆ. ನನ್ನ ಡಬ್ಬಿಯಲ್ಲಿ ಅವ್ವ ಕಳಿಸಿದ ಅಗಸಿ ಹಿಂಡಿ ಇತ್ತು. ಎರಡೂ ಒಂದೇ ವಾಸನೆ ಅಂತಲ್ಲ, ದಾಯಾದಿಗಳು. ಅವತ್ತು ಊಟಕ್ಕೆ ಮುಂಚೆ ಕೈಯನ್ನು ಮೂರು ಸಲ ತೊಳೆದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಹೇಳುವಷ್ಟಿಲ್ಲ. ವಾರಕ್ಕೆ ನಾಲ್ಕು ದಿನ ಕಾಫಿ ಅಂಗಡಿಯಲ್ಲಿ ಕೆಲಸ. ನಲವತ್ತು ಪೌಂಡಿನ ಪ್ರಿಂಟು ಚಿತ್ರ ಮಾರುವ ಅಂಗಡಿಯಲ್ಲಿ ಮಾರಿಹೋದರೆ ಅರ್ಧ ಅಂಗಡಿಯವರಿಗೆ. ಉಳಿದರ್ಧದಲ್ಲಿ ಕಾಗದ, ಮಷಿ, ಪ್ರೆಸ್ಸಿನ ಬಾಡಿಗೆ. ಏಪ್ರಿಲ್ 6ಕ್ಕೆ ಶುರುವಾಗುವ ಇಲ್ಲಿನ ತೆರಿಗೆ ವರ್ಷದಲ್ಲಿ ಸ್ವಂತ ವ್ಯಾಪಾರ ಸಾವಿರ ಪೌಂಡು ದಾಟಿದರೆ ತೆರಿಗೆ ಇಲಾಖೆಯಲ್ಲಿ ಹೆಸರು ಬರೆಸಬೇಕು. ಮೊದಲ ವರ್ಷ ನನಗೆ ಆ ತೊಂದರೆಯೇ ಬರಲಿಲ್ಲ.

ಚಿತ್ರ ಬರೆದುಕೊಡುವ ಕೆಲಸದಲ್ಲಿ ಮಾತ್ರ ಮುಗ್ಗರಿಸುವುದರಲ್ಲಿದ್ದೆ. ಒಂದು ಸಣ್ಣ ಕಂಪನಿಗೆ ಚಹಾ ಡಬ್ಬಿಯ ಮೇಲೊಂದು ಚಿತ್ರ ಬೇಕಿತ್ತು. ನೂರೈವತ್ತು ಪೌಂಡು, ಕಾಪಿರೈಟು ಪೂರ್ತಿ ಅವರದು. ಮೊದಲ ಆರ್ಡರು ನೋಡಿ, ಸಹಿಗೆ ಪೆನ್ನು ತೆಗೆದಿದ್ದೆ. ಇಲ್ಲಿ ನುರಿತ ಚಿತ್ರಕಾರರು ಚಿತ್ರ ಮಾರುವುದಿಲ್ಲ; ಯಾವುದರ ಮೇಲೆ, ಯಾವ ದೇಶದಲ್ಲಿ, ಎಷ್ಟು ವರ್ಷ ಅಂತ ನಿಗದಿ ಮಾಡಿ ಬಳಸುವ ಹಕ್ಕನ್ನಷ್ಟೇ ಕೊಡುತ್ತಾರೆ. ಕಾಲೇಜಿನಲ್ಲಿ ಇದರ ಬಗ್ಗೆ ಒಂದು ಮಧ್ಯಾಹ್ನದ ಪಾಠ ಇತ್ತು, ತಲೆಗೆ ಹತ್ತಿರಲಿಲ್ಲ. ಹತ್ತಿಸಿದ್ದು ಅಪ್ಪ.

"ನಾವು ಗಿರಾಕಿಗೆ ಕಾರ್ಡು ಕೊಟ್ಟೀವಿ. ನಮ್ಮ ಬ್ಲಾಕು ಯಾರಿಗೂ ಕೊಟ್ಟಿಲ್ಲ."

ಅಷ್ಟೇ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ ನಯವಾಗಿ ಬರೆದು ಕಳಿಸಿದೆ: ಡಬ್ಬಿಯ ಮೇಲೆ ಮಾತ್ರ, ಎರಡು ವರ್ಷ. ಒಂದು ವಾರ ಉತ್ತರವಿಲ್ಲ. ಆಮೇಲೆ ಒಪ್ಪಿದರು, ನೂರೈವತ್ತಕ್ಕೇ. ದುಡ್ಡು ಹೆಚ್ಚು ಕೇಳಲು ಧೈರ್ಯ ಸಾಲಲಿಲ್ಲ ಅನ್ನುವುದನ್ನು ಅಪ್ಪನಿಗೆ ಹೇಳಿಲ್ಲ.

ಈಗ ಕೊರೆಯುತ್ತಿರುವುದು ಸ್ಟುಡಿಯೋ ಪಕ್ಕದ ಯೂನಿಯನ್ ಕಾಲುವೆ: ದೋಣಿಗಳು, ಮೂಲೆಯಲ್ಲೊಂದು ಹಂಸ. ಮೊನ್ನೆ ಮೊದಲ ಪ್ರೂಫಿನ ಫೋಟೋ ಕಳಿಸಿದೆ. ಚಂದ ಐತಿ ಅಂತ ಅನ್ನಲಿಲ್ಲ.

"ಬಲಗಡೆ ಕೆಳಗಿನ ಮೂಲಿ ತಿಳುವಾಗೇತಿ. ಅಲ್ಲಿ ಅಚ್ಚಿನ ಕೆಳಗ ತೆಳ್ಳಗಿನ ಕಾಗದ ಹಚ್ಚು. ಒಂದ ಪದರು. ಆ ಬಾತುಕೋಳಿ ಕಾಣಾಕ ಹತ್ತಿಲ್ಲ."

ಹಂಸ ಅಪ್ಪಾ, ಅಂದೆ. ಟಿಶ್ಯೂ ಹರಿದು ಅಚ್ಚಿನ ಕೆಳಗೆ ಅಂಟಿಸಿದೆ. ಒಂದು ಪದರು ಸಾಲದೆ ಇನ್ನೊಂದು ಹಚ್ಚಿದೆ. ಮೂರನೆಯ ಪ್ರೂಫಿನಲ್ಲಿ ಕೊಕ್ಕು ಮೂಡಿತು. ಮತ್ತೆ ಫೋಟೋ ಕಳಿಸಿದೆ.

"ಈಗ ಹೊಡಿ" ಅಂತ ವಾಯ್ಸ್ ಮೆಸೇಜು ಬಂತು. ಎಷ್ಟು ಅಂತ ಹೇಳಿರಲಿಲ್ಲ.