ಬಾವಿಯೊಳಗೆ ಕೂಗಿದ ಭಾನುವಾರ

ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಮಗಳು ಸ್ಕೂಲಲ್ಲಿ ಮೂರು ನಿಮಿಷ ಮಾತಾಡಬೇಕಿತ್ತು. ಅವಳು ಆರಿಸಿಕೊಂಡಿದ್ದು ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರನ್ನ. ನನ್ನ ಫೋನಲ್ಲಿ ನೋಡಿ ನಾಲ್ಕು ಸಾಲು ಬರೆದುಕೊಂಡಿದ್ದಳು. 1971ರ ಯುದ್ಧ, ಐಎನ್‌ಎಸ್ ಖುಕ್ರಿ ಮುಳುಗಿತು, ತಮ್ಮ ಲೈಫ್ ಜಾಕೆಟ್ ನಾವಿಕನೊಬ್ಬನಿಗೆ ಕೊಟ್ಟು ಅವರು ಹಡಗಿನ ಜೊತೆಗೇ ಹೋದರು, ಮಹಾವೀರ ಚಕ್ರ ಬಂತು. ಓದಿ ಮುಗಿಸಿ ನನ್ನನ್ನೇ ಕೇಳಿದಳು, "ಅಪ್ಪ, ಹಡಗು ಅಲ್ಲಿಗೆ ಯಾಕೆ ಹೋಗಿತ್ತು?" ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮೈಸೂರಿಂದ ಪಾಂಡವಪುರದ ಕಡೆ ಹೊರಟೆವು. ಅಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಹದಿನೈದು ವರ್ಷ ನೇವಿಯಲ್ಲಿದ್ದು ಬಂದು, ಆಮೇಲೆ ಕಬ್ಬು, ಭತ್ತ ಅಂತ ಹೊಲದಲ್ಲೇ ಉಳಿದವರು. ನೇವಿಯಲ್ಲಿ ಅವರದು ಸೋನಾರ್ ಕೆಲಸ. ಅಂದರೆ ನೀರಿನೊಳಗಿನ ಸದ್ದು ಕೇಳುವ ಕೆಲಸ. ಕೊಚ್ಚಿಯಲ್ಲಿ ಅವರ ಜೊತೆ ಟ್ರೈನಿಂಗ್ ಮಾಡಿದ ಇಬ್ಬರು ಹುಡುಗರು ಖುಕ್ರಿಯಲ್ಲಿದ್ದರು. ಡಿಸೆಂಬರ್ 9ರ ರಾತ್ರಿ ದೊಡ್ಡಪ್ಪ ಊಟ ಮಾಡಲ್ಲ ಅಂತ ದೊಡ್ಡಮ್ಮ ಒಮ್ಮೆ ಹೇಳಿದ್ದರು. ನನಗೆ ಗೊತ್ತಿದ್ದಿದ್ದು ಅಷ್ಟೇ. ಅವರನ್ನ ಕೇಳುವ ಧೈರ್ಯ ಯಾವತ್ತೂ ಬಂದಿರಲಿಲ್ಲ.

ಮಗಳು ಕೇಳಿಯೇ ಬಿಟ್ಟಳು. ಅವರು ಏನೂ ಹೇಳದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಮ್ಮನ್ನ ತೋಟದ ಬಾವಿ ಹತ್ತಿರ ಕರೆದುಕೊಂಡು ಹೋದರು.

"ಕೂಗವ್ವ ಒಂದ್ಸಲ."

ಅವಳು ಬಗ್ಗಿ "ಕೂ" ಅಂದಳು. ಬಾವಿಯೂ "ಕೂ" ಅಂತು.

"ಇದೇ ಸೋನಾರು. ನಾವು ಕೂಗ್ತೀವಿ, ಅದು ಸಬ್‌ಮರೀನ್‌ಗೆ ಬಡ್ದು ವಾಪಸ್ ಬತ್ತದೆ. ಎಷ್ಟೊತ್ತಿಗೆ ಬಂತು ಅಂತ ನೋಡುದ್ರೆ ಎಷ್ಟು ದೂರದಲ್ಲವ್ನೆ ಅಂತ ಗೊತ್ತಾಯ್ತದೆ." ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಆಮೇಲೆ ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ, ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದರು. ಟೀಂ ಅಂತ ಉದ್ದಕ್ಕೆ ಹೋಗುವುದು ಒಂದು, ಸ್ವಲ್ಪ ತಡೆದು ಸಣ್ಣಗೆ ಬರುವುದು ಇನ್ನೊಂದು. ಬರುವ ಸದ್ದು ಚೂಪಾಗಿದ್ದರೆ ಸಬ್‌ಮರೀನ್ ನಮ್ಮ ಕಡೆ ಬರ್ತಾ ಇದೆ, ದಪ್ಪ ಆದರೆ ದೂರ ಹೋಗ್ತಾ ಇದೆ. ಸ್ಟೇಷನ್ನಲ್ಲಿ ನಿಲ್ಲದೆ ಹೋಗುವ ರೈಲಿನ ಹಾರನ್ನು ನಮ್ಮನ್ನ ದಾಟುತ್ತಿದ್ದಂಗೆ ಬದಲಾಗಲ್ವಾ, ಹಂಗೆ. ಎಪ್ಪತ್ತು ದಾಟಿದ ಮನುಷ್ಯ ಬಾವಿಕಟ್ಟೆ ಮೇಲೆ ಕೂತು ಎರಡು ಸದ್ದಿನ ನಡುವಿನ ಕೂದಲೆಳೆ ವ್ಯತ್ಯಾಸವನ್ನ ನನ್ನ ಮಗಳಿಗೆ ಕೇಳಿಸೋಕೆ ನೋಡ್ತಿದ್ದರು, ಅವಳೂ ಉಸಿರು ಬಿಗಿಹಿಡಿದು ಕೇಳ್ತಿದ್ದಳು.

ಆಮೇಲೆ ನನ್ನ ಕಡೆ ತಿರುಗಿದರು. "ನೀನು ಈ ಬಾವೀಲಿ ಈಜಿದ್ಯಲ್ಲ. ಮೇಲೆ ನೀರು ಬೆಚ್ಚಗಿರ್ತದೆ, ಮೊಣಕಾಲಿಂದ ಕೆಳಕ್ಕೆ ಜುಂ ಅಂತದೆ. ಹೌದಾ? ಸಮುದ್ರನೂ ಅಂಗೇ. ಆ ಬಿಸಿ ನೀರು ತಣ್ಣೀರು ಸೇರೋ ಜಾಗದಲ್ಲಿ ಸದ್ದು ಬಾಗೋಯ್ತದೆ. ಅದರ ಕೆಳಗೆ ಹೋಗಿ ಕೂತ್ಕಂಡ್ರೆ, ಎಷ್ಟು ಕೂಗುದ್ರೂ ಸಿಕ್ಕಲ್ಲ."

ಬಾವಿಯ ಆ ಜುಂ ನನ್ನ ಕಾಲಿಗೆ ಇನ್ನೂ ನೆನಪಿದೆ. ಅದಕ್ಕೆ ಇಂಥದ್ದೊಂದು ಅರ್ಥ ಇದೆ ಅಂತ ಗೊತ್ತಿರಲಿಲ್ಲ.

ಅಲ್ಲಿಂದ ಅವರು ಖುಕ್ರಿಗೆ ಬಂದರು. ಪಾಕಿಸ್ತಾನದ ಹಂಗೋರ್ ಅನ್ನುವ ಸಬ್‌ಮರೀನ್ ನಮ್ಮ ಪಶ್ಚಿಮ ಕರಾವಳಿ ಹತ್ತಿರ ಓಡಾಡ್ತಿತ್ತು. ಅದರ ರೇಡಿಯೊ ಸಂದೇಶ ನಮ್ಮವರಿಗೆ ಸಿಕ್ಕಿತು. ಹುಡುಕಿ ಹೊಡೆಯೋಕೆ ಮುಂಬೈಯಿಂದ ಖುಕ್ರಿ, ಕಿರ್ಪಾಣ್ ಎರಡು ಹಡಗು ಹೊರಟವು. ಆ ತಂಡಕ್ಕೆಲ್ಲ ಮುಲ್ಲಾ ಅವರೇ ನಾಯಕರು. ಎರಡೂ ಬ್ರಿಟನ್ನಿನಲ್ಲಿ ಕಟ್ಟಿದ್ದ, ಸಬ್‌ಮರೀನ್ ಬೇಟೆಗೇ ಅಂತ ಮಾಡಿದ್ದ ಸಣ್ಣ ಹಡಗುಗಳು. ಆದರೆ ಹಂಗೋರ್ ಫ್ರಾನ್ಸಿನಲ್ಲಿ ಕಟ್ಟಿದ ಹೊಸ ಸಬ್‌ಮರೀನು, ಅದರ ಕಿವಿ ಇವರ ಕಿವಿಗಿಂತ ಬಹಳ ದೂರ ಕೇಳ್ತಿತ್ತು. ಇವರು ಜೋರಾಗಿ ಓಡಿದರೆ ತಮ್ಮ ಹಡಗಿನ ಸದ್ದೇ ಸೋನಾರಿಗೆ ಅಡ್ಡ. ನಿಧಾನ ಹೋದರೆ ಗುರಿ ಇಡುವವನಿಗೆ ಸಲೀಸು.

"ಅವ್ನಿಗೆ ನಾವು ಕೇಳುಸ್ತೀವಿ, ನಮ್ಗೆ ಅವ್ನು ಕೇಳ್ಸಲ್ಲ. ಅದು ಗೊತ್ತಿದ್ದೂ ಹೋದ್ರು," ಅಂದರು ದೊಡ್ಡಪ್ಪ. "ಎಲ್ರೂ ಜಾಕೆಟ್ ಕತೆನೇ ಹೇಳ್ತಾರೆ. ಜಾಕೆಟ್ ಕೊಟ್ಟಿದ್ದು ಕೊನೇ ಗಳಿಗೇಲಿ. ಅದಕ್ಕೂ ಮುಂಚೆ ಹುಡುಕ್ಕಂಡು ಹೋದ್ರಲ್ಲ, ಅದನ್ನ ಹೇಳವ್ವ ನೀನು."

ಡಿಸೆಂಬರ್ 9ರ ರಾತ್ರಿ, ಗುಜರಾತ್ ಕರಾವಳಿಯ ಡಿಯುವಿನಿಂದ ಸುಮಾರು 40 ನಾಟಿಕಲ್ ಮೈಲಿ ದೂರ. ಹಂಗೋರ್ ಬಿಟ್ಟ ಮೊದಲ ಟಾರ್ಪಿಡೊ, ಅಂದರೆ ನೀರೊಳಗೇ ಓಡಿ ಬಂದು ಸಿಡಿಯುವ ಅಸ್ತ್ರ, ಕಿರ್ಪಾಣ್ ಮೇಲೆ ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷದಲ್ಲಿ ಹಡಗು ಹೋಯಿತು. ಮುಲ್ಲಾ ಅವರು ಹಡಗು ಬಿಡಿ ಅಂತ ಆಜ್ಞೆ ಕೊಟ್ಟು, ಆದಷ್ಟು ಜನರನ್ನ ಹೊರಗೆ ಕಳಿಸಿ, ತಮ್ಮ ಜಾಕೆಟ್ ಇನ್ನೊಬ್ಬನಿಗೆ ಕೊಟ್ಟು, ಮತ್ತೆ ಬ್ರಿಡ್ಜಿಗೇ, ಅಂದರೆ ಹಡಗು ನಡೆಸುವ ಜಾಗಕ್ಕೇ, ಹೋದರು. ಬದುಕಿ ಉಳಿದವರು ಅವರನ್ನ ಕೊನೆಗೆ ನೋಡಿದ್ದು ಅಲ್ಲೇ. ಕೆಳಗೆ ಸಿಕ್ಕಿಕೊಂಡವರು ಇನ್ನೂ ಎಷ್ಟೋ ಜನ ಇದ್ದರು. ಅವರನ್ನ ಬಿಟ್ಟು ದೋಣಿ ಹತ್ತೋಕೆ ಅವರಿಗೆ ಆಗಲಿಲ್ಲ ಅಂತ ನಾನು ನಂಬ್ತೀನಿ.

ಮಗಳು ಮೆಲ್ಲಗೆ ಕೇಳಿದಳು, "ಅವರಿಗೆ ಭಯ ಆಗ್ಲಿಲ್ವಾ ತಾತ?"

"ಆಗಿರ್ತದೆ ಕಣವ್ವ. ಆಗ್ದೆ ಇರ್ತದಾ?"

ದೊಡ್ಡಮ್ಮ ಊಟಕ್ಕೆ ಕರೆದರು. ಮುದ್ದೆ, ಸೊಗಡವರೆ ಸಾರು. ದೊಡ್ಡಪ್ಪ ಕೈ ತೊಳೆಯುತ್ತಾ ಇನ್ನೊಂದು ಮಾತು ಹೇಳಿದರು. "ಹಡಗಿನ ಜೊತೆ ಹೋದೋರು 18 ಆಫೀಸರು, 176 ನಾವಿಕರು. ಒಟ್ಟು 194. ಸಾಹೇಬ್ರು ಹೆಸರು ಎಲ್ರಿಗೂ ಗೊತ್ತು. ಆ 176 ಮಾತ್ರ ತಪ್ಪು ಹೇಳ್ಬೇಡ. ಅದ್ರಲ್ಲಿ ನನ್ನೋರು ಇಬ್ರವ್ರೆ." ಬದುಕಿದವರನ್ನ ಮಾರನೇ ದಿನ ನೀರಿಂದ ಎತ್ತಿಕೊಂಡರಂತೆ. ಆ ಇಬ್ಬರು ಅವರಲ್ಲಿ ಇರಲಿಲ್ಲ.

ಗುರುವಾರ ಸ್ಕೂಲಲ್ಲಿ ಮಗಳು ಬಾವಿಯಿಂದಲೇ ಶುರು ಮಾಡಿದಳು. ಮೈಕಿಗೆ "ಕೂ" ಅಂದಾಗ ಮಕ್ಕಳೆಲ್ಲ ನಕ್ಕರು, ಆಮೇಲೆ ಸುಮ್ಮನಾದರು. ಮುಗಿದ ತಕ್ಷಣ ನಾನು ಹೊರಗೆ ಬಂದು ದೊಡ್ಡಪ್ಪಂಗೆ ಫೋನ್ ಮಾಡಿದೆ.

"176 ಅಂದ್ಲಾ?"

"ಅಂದ್ಲು ದೊಡ್ಡಪ್ಪ."

"ಸರಿ ಬುಡು ಮಗ," ಅಂದರು. ಫೋನ್ ಇಡಲಿಲ್ಲ. ಆ ಕಡೆ ಪಂಪ್‌ಸೆಟ್ ಓಡುವ ಸದ್ದು ಸ್ವಲ್ಪ ಹೊತ್ತು ಕೇಳ್ತಾನೇ ಇತ್ತು.